ಯಂತ್ರದ ಕಣ್ಣಿಗೆ ಎಷ್ಟು ಕಾಣುತ್ತದೆ? ಕಾಮಗಾರಿ ವಾಹನಗಳ ಕ್ಯಾಮೆರಾ ವ್ಯವಸ್ಥೆ, ಮೊದಲಿನಿಂದ

ಮಣ್ಣು ತೆಗೆಯುತ್ತಿರುವ ಎಕ್ಸ್‌ಕವೇಟರ್ ಪಕ್ಕ ಹಾದು ಹೋಗುವಾಗ ನಾವು ತಲೆ ಎತ್ತಿ ಕ್ಯಾಬಿನ್ ಕಡೆ ನೋಡುತ್ತೇವೆ. ನಾಲ್ಕೂ ಕಡೆ ಗಾಜು, ಒಳಗೆ ಎತ್ತರದಲ್ಲಿ ಕೂತ ಆಪರೇಟರ್. ಅಷ್ಟು ಎತ್ತರದಲ್ಲಿ ಕೂತವನಿಗೆ ನಾವು ಕಾಣದೆ ಇರುತ್ತೇವೆಯೇ ಎಂದುಕೊಂಡು ಹೆಜ್ಜೆ ಮುಂದಿಡುತ್ತೇವೆ. ಆದರೆ ಅವನಿಗೆ ಚೆನ್ನಾಗಿ ಕಾಣುವುದು ದೂರದಲ್ಲಿರುವವರು. ಯಂತ್ರಕ್ಕೆ ಅಂಟಿಕೊಂಡಂತೆ ನಿಂತವರು, ಅಂದರೆ ಹೆಚ್ಚು ಅಪಾಯದಲ್ಲಿರುವವರೇ ಅವನ ಕಣ್ಣಿಗೆ ಬೀಳುವುದಿಲ್ಲ.

ಈ ಕೊರತೆ ತುಂಬಲು ಟಿಪ್ಪರ್, ಲೋಡರ್, ರೋಲರ್, ಎಕ್ಸ್‌ಕವೇಟರ್‌ಗಳಿಗೆ ಈಗ ಕ್ಯಾಮೆರಾ ಬರುತ್ತಿದೆ. ಹಿಂದೆ ಒಂದು ಕ್ಯಾಮೆರಾ, ಒಳಗೊಂದು ಪರದೆ ಎಂಬಲ್ಲಿಂದ ಶುರುವಾದದ್ದು ಮನುಷ್ಯನನ್ನು ತಾನೇ ಗುರುತಿಸಿ ಕೂಗುವ, ಕೆಲವು ಕಡೆ ಯಂತ್ರವನ್ನೇ ನಿಲ್ಲಿಸುವ ಮಟ್ಟಕ್ಕೆ ಬಂದಿದೆ. ಯುರೋಪಿನಲ್ಲಿ ಹೊಸ ಲಾರಿಗಳಿಗೆ ಇಂಥ ಎಚ್ಚರಿಕೆ ವ್ಯವಸ್ಥೆ ಕಡ್ಡಾಯವೂ ಆಗಿದೆ. ಹೀಗಾಗಿ ಕಾಮಗಾರಿ ನಡೆಯುವಲ್ಲಿ 'ಕ್ಯಾಮೆರಾ ಇದೆ, ಭಯವಿಲ್ಲ' ಎಂಬ ಮಾತು ಸಾಮಾನ್ಯವಾಗುತ್ತಿದೆ. ಆ ಮಾತನ್ನು ಎಷ್ಟು ನಂಬಬಹುದು ಎಂದು ತಿಳಿಯಬೇಕಾದರೆ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಕಾಣುವುದು, ಗಮನಿಸುವುದು, ನಿಲ್ಲುವುದು. ಒಬ್ಬ ಮನುಷ್ಯ ಉಳಿಯಬೇಕಾದರೆ ಮೂರೂ ಆಗಬೇಕು, ಅದೂ ಸಮಯಕ್ಕೆ ಸರಿಯಾಗಿ. ಸಾಮಾನ್ಯ ಕ್ಯಾಮೆರಾ ಮಾಡುವುದು ಮೊದಲನೆಯದನ್ನು ಮಾತ್ರ.

ಗಾಜಿನ ಗೂಡಿನಲ್ಲಿ ಕೂತರೂ ಯಾಕೆ ಕಾಣುವುದಿಲ್ಲ

ಚಾಲಕ ಕೂತಲ್ಲಿಂದ ಕಣ್ಣಿಗೂ ಕನ್ನಡಿಗೂ ಸಿಗದ ಜಾಗಕ್ಕೆ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಕನ್ನಡದಲ್ಲಿ ಮರೆ ಜಾಗ ಎನ್ನಬಹುದು. ಕಾರಿನಲ್ಲಿ ಅದು ಬಾಗಿಲ ಪಕ್ಕದ ಒಂದು ಸಣ್ಣ ಪಟ್ಟಿ. ಕಾಮಗಾರಿ ಯಂತ್ರದಲ್ಲಿ ಒಂದು ಕೋಣೆಯಷ್ಟು, ಕೆಲವೊಮ್ಮೆ ಅದಕ್ಕಿಂತ ದೊಡ್ಡದು.

ಲೋಡರ್ ಒಂದನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಆಪರೇಟರ್ ಕಣ್ಣು ನೆಲದಿಂದ ಎರಡೂವರೆ ಮೀಟರ್ ಮೇಲಿದೆ ಎಂದುಕೊಳ್ಳಿ. ಅವನ ಹಿಂದೆ ಎಂಜಿನ್ ಮುಚ್ಚಳ ಮೂರು ಮೀಟರ್ ಉದ್ದಕ್ಕೆ ಚಾಚಿದೆ, ಅದರ ತುದಿಯ ಎತ್ತರ ಎರಡು ಮೀಟರ್. ತಿರುಗಿ ನೋಡಿದರೆ ಅವನ ನೋಟ ಆ ತುದಿಯನ್ನು ಸವರಿಕೊಂಡು ಇಳಿಯುತ್ತದೆ. ಮೂರು ಮೀಟರಿಗೆ ಅರ್ಧ ಮೀಟರ್ ಇಳಿಯುವ ಈ ಗೆರೆ ನೆಲ ಮುಟ್ಟುವುದು ಯಂತ್ರದ ಹಿಂಬದಿಯಿಂದ ಹನ್ನೆರಡು ಮೀಟರ್ ಆಚೆ. ಒಂದು ಮೀಟರ್ ಎತ್ತರದ ಮಗು, ಅಥವಾ ಬಗ್ಗಿ ಅಳತೆ ಹಿಡಿಯುತ್ತಿರುವ ಕೆಲಸಗಾರ, ಹಿಂಬದಿಯಿಂದ ಆರು ಮೀಟರ್ ಒಳಗೆ ಎಲ್ಲಿದ್ದರೂ ಕಾಣುವುದಿಲ್ಲ. ಆಳೆತ್ತರಕ್ಕೆ ನೆಟ್ಟಗೆ ನಿಂತವನ ತಲೆ ಕೂಡ ಎರಡು ಮೀಟರಿನಷ್ಟು ಹತ್ತಿರ ಬಂದರೆ ಮಾಯ. ಇಲ್ಲಿರುವುದು ಬರೀ ರೇಖಾಗಣಿತ. ಆಪರೇಟರ್ ಎಷ್ಟೇ ಜಾಗರೂಕನಾಗಿದ್ದರೂ ಈ ಗೆರೆ ಬದಲಾಗದು.

ಪ್ರತಿ ಯಂತ್ರದ ಮರೆ ಬೇರೆ ಬೇರೆ. ಆಡುಮಾತಿನಲ್ಲಿ ಹಿಟಾಚಿ ಎಂದೇ ಕರೆಯುವ ಎಕ್ಸ್‌ಕವೇಟರ್‌ನಲ್ಲಿ ಕ್ಯಾಬಿನ್ ಸಾಮಾನ್ಯವಾಗಿ ಎಡಬದಿಯಲ್ಲಿರುತ್ತದೆ. ಮಧ್ಯದಲ್ಲಿ ಬೂಮ್, ಅಂದರೆ ಬಕೆಟ್ ಹಿಡಿದ ದೊಡ್ಡ ತೋಳು. ಆ ತೋಳಿನಾಚೆಯ ಬಲಬದಿ ಮತ್ತು ಹಿಂಬದಿ ಆಪರೇಟರ್‌ಗೆ ಬಹುಪಾಲು ಕತ್ತಲೆ. ಲೋಡರ್ ಬಕೆಟ್ ಎತ್ತಿದ ಕೂಡಲೇ ಮುಂದಿನ ದಾರಿಯೂ ಮುಚ್ಚಿಹೋಗುತ್ತದೆ. ಟಿಪ್ಪರ್‌ನಲ್ಲಿ ಮೂತಿಯ ಕೆಳಗೆ ಮತ್ತು ಚಾಲಕನ ಎದುರು ಬದಿಯ ಬಾಗಿಲ ಬುಡದಲ್ಲಿ ಮರೆ ಹೆಚ್ಚು. ಗಣಿಯ ದೈತ್ಯ ಡಂಪರ್‌ಗಳ ಮುಂದಂತೂ ಒಂದು ಸಣ್ಣ ಜೀಪೇ ಅಡಗಿಹೋಗುತ್ತದೆ. ಈ ಕಾರಣಕ್ಕೆ ಗಣಿಗಳಲ್ಲಿ ಓಡಾಡುವ ಸಣ್ಣ ವಾಹನಗಳಿಗೆ ಎತ್ತರದ ಕೋಲಿನ ತುದಿಯಲ್ಲಿ ಬಾವುಟ ಕಟ್ಟಿರುತ್ತಾರೆ.

ಎಕ್ಸ್‌ಕವೇಟರ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ಅದು ಇದ್ದಲ್ಲಿಂದ ಕದಲದೆ ಸುತ್ತುತ್ತದೆ. ಮುಂದೆ ಬಕೆಟ್ ಎಡಕ್ಕೆ ತಿರುಗಿದರೆ ಹಿಂದೆ ಕೌಂಟರ್‌ವೇಟ್, ಅಂದರೆ ತೂಕ ಸರಿದೂಗಿಸುವ ಕಬ್ಬಿಣದ ದೊಡ್ಡ ಗಡ್ಡೆ, ಬಲಕ್ಕೆ ಬೀಸುತ್ತದೆ. ಆ ಗಡ್ಡೆಗೂ ಗೋಡೆಗೂ ನಡುವೆ ಸಿಕ್ಕವರು ಬದುಕುವುದು ಕಷ್ಟ.

ಕಣ್ಣಿನ ಜಾಗದಲ್ಲಿ ದೀಪ

ಯಾವ ಯಂತ್ರದಲ್ಲಿ ಎಷ್ಟು ಮರೆ ಎಂದು ಅಳೆಯುವ ವಿಧಾನ ಸರಳ ಮತ್ತು ಸುಂದರ. ಐಎಸ್‌ಒ 5006 ಎಂಬ ಅಂತರರಾಷ್ಟ್ರೀಯ ಮಾನದಂಡ ಇದನ್ನು ಹೇಳುತ್ತದೆ. ಆಪರೇಟರ್ ಕೂರುವ ಸೀಟಿನಲ್ಲಿ, ಅವನ ಎರಡು ಕಣ್ಣು ಇರಬೇಕಾದ ಜಾಗದಲ್ಲಿ, ಎರಡು ದೀಪ ಇಡುತ್ತಾರೆ. ಕತ್ತಲಲ್ಲಿ ಅವನ್ನು ಉರಿಸಿದರೆ ಕ್ಯಾಬಿನ್ ಕಂಬ, ಬೂಮ್, ಎಂಜಿನ್ ಮುಚ್ಚಳ ಎಲ್ಲದರ ನೆರಳು ಸುತ್ತ ಬೀಳುತ್ತದೆ. ಬೆಳಕು ಬಿದ್ದಲ್ಲಿ ಕಣ್ಣಿಗೆ ಕಾಣುತ್ತದೆ, ನೆರಳು ಬಿದ್ದಲ್ಲಿ ಕಾಣುವುದಿಲ್ಲ. ಯಂತ್ರದ ಸುತ್ತ 12 ಮೀಟರ್ ತ್ರಿಜ್ಯದ ವೃತ್ತದ ಮೇಲೂ, ಯಂತ್ರದ ಅಂಚಿನಿಂದ 1 ಮೀಟರ್ ಆಚೆ ಎಳೆದ ಆಯತದ ಮೇಲೂ ಈ ನೆರಳುಗಳನ್ನು ಅಳೆಯುತ್ತಾರೆ. ನೆರಳು ಮಿತಿಗಿಂತ ಅಗಲವಾಗಿದ್ದರೆ ತಯಾರಕರು ಅಲ್ಲಿಗೆ ಕನ್ನಡಿ ಅಥವಾ ಕ್ಯಾಮೆರಾ ಕೊಡಬೇಕು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ ಅನೇಕ ಯಂತ್ರಗಳ ಮರೆ ಜಾಗದ ನಕ್ಷೆಗಳನ್ನೇ ಪ್ರಕಟಿಸಿದೆ. ನೆಲದ ಮಟ್ಟ, 900 ಮಿಲಿಮೀಟರ್ ಎತ್ತರ, 1,500 ಮಿಲಿಮೀಟರ್ ಎತ್ತರ ಎಂದು ಮೂರು ಮಟ್ಟಕ್ಕೆ ಮೂರು ನಕ್ಷೆ. ಎತ್ತರ ಕಡಿಮೆಯಾದಷ್ಟೂ ನಕ್ಷೆಯಲ್ಲಿನ ಕಪ್ಪು ಹರಡುತ್ತಾ ಹೋಗುತ್ತದೆ. ಕೂತು ಕೆಲಸ ಮಾಡುವವನು ಯಾಕೆ ಹೆಚ್ಚು ಅಪಾಯದಲ್ಲಿದ್ದಾನೆ ಎಂಬುದು ಆ ಚಿತ್ರಗಳನ್ನು ಒಮ್ಮೆ ನೋಡಿದವರಿಗೆ ಮತ್ತೆ ಹೇಳಬೇಕಿಲ್ಲ.

ಕನ್ನಡಿ ಮತ್ತು ಬೀಪ್ ಸದ್ದು ಸಾಲದೇ?

ಉಬ್ಬುಗನ್ನಡಿ ಹೆಚ್ಚು ಜಾಗ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿ ತೋರಿಸುತ್ತದೆ. ಹತ್ತಿರ ಇದ್ದವನು ದೂರ ಇದ್ದಂತೆ ಕಾಣುತ್ತಾನೆ. ಜೊತೆಗೆ ಯಂತ್ರದ ನಡುಕಕ್ಕೆ ಬಿಂಬವೂ ನಡುಗುತ್ತದೆ.

ರಿವರ್ಸ್ ಹಾಕಿದಾಗ ಬರುವ ಬೀಪ್ ಸದ್ದು ಹೊಣೆಯನ್ನು ಹಿಂದೆ ಇರುವವನ ಮೇಲೆ ಹಾಕುತ್ತದೆ: ನಾನು ಬರುತ್ತಿದ್ದೇನೆ, ನೀನು ಪಕ್ಕಕ್ಕೆ ಸರಿ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಇದನ್ನೇ ಬಹುಕಾಲದಿಂದ ಕೇಳುತ್ತಾ ಬಂದಿದೆ. ಹಿಂದೆ ನೋಟ ಮರೆಯಾಗಿದ್ದರೆ ಸುತ್ತಲಿನ ಸದ್ದಿಗಿಂತ ಜೋರಾದ ರಿವರ್ಸ್ ಅಲಾರಂ ಇರಬೇಕು, ಇಲ್ಲವೇ ಹಿಂದೆ ಬರಬಹುದು ಎಂದು ಸನ್ನೆ ಮಾಡುವ ಒಬ್ಬ ಮನುಷ್ಯ ಇರಬೇಕು. ಆದರೆ ಐದು ಯಂತ್ರ ಒಟ್ಟಿಗೆ ಬೀಪ್ ಎನ್ನುವ ಜಾಗದಲ್ಲಿ ಯಾವುದು ನನ್ನ ಕಡೆ ಬರುತ್ತಿದೆ ಎಂದು ಕಿವಿಗೆ ತಿಳಿಯದು. ಒಂದೇ ಸ್ವರದ ಬೀಪ್ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು ಕಿವಿಗೆ ಕಷ್ಟ. ಅದಕ್ಕೇ ಈಗ ಕೆಲವು ಯಂತ್ರಗಳಲ್ಲಿ 'ಷ್ ಷ್' ಎಂದು ಮಳೆ ಸುರಿದಂತೆ ಕೇಳುವ, ಹಲವು ಸ್ವರ ಬೆರೆತ ಅಲಾರಂ ಬಳಸುತ್ತಾರೆ. ಅದರ ದಿಕ್ಕು ಕಿವಿಗೆ ಬೇಗ ಸಿಗುತ್ತದೆ.

ಒಂದು ಕ್ಯಾಮೆರಾ, ಒಂದು ಪರದೆ

ಎಲ್ಲಕ್ಕಿಂತ ಸರಳ ವ್ಯವಸ್ಥೆ ಇದು. ಹಿಂದೆ ಅಥವಾ ಪಕ್ಕಕ್ಕೆ ಒಂದು ಕ್ಯಾಮೆರಾ, ತಂತಿ, ಕ್ಯಾಬಿನ್‌ನಲ್ಲಿ ಅಂಗೈಯಗಲದ ಒಂದು ಪರದೆ. ಫೋನಿನ ಕ್ಯಾಮೆರಾಕ್ಕೂ ಇದಕ್ಕೂ ಮೂಲ ತತ್ತ್ವ ಒಂದೇ. ಮಸೂರ ಬೆಳಕನ್ನು ಒಂದು ಚಿಪ್ ಮೇಲೆ ಬೀಳಿಸುತ್ತದೆ, ಚಿಪ್ ಅದನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಬೇರೆಯಾಗಿರುವುದು ಗಟ್ಟಿತನ. ಇಂಥ ಕ್ಯಾಮೆರಾಗಳ ಮೇಲೆ ಐಪಿ67, ಐಪಿ69ಕೆ ಎಂಬ ಗುರುತು ಇರುತ್ತದೆ. ಮೊದಲ ಅಂಕಿ 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯದು 7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತೊಂದರೆಯಿಲ್ಲ. 9ಕೆ ಎಂದರೆ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರನ್ನು ಹತ್ತಿರದಿಂದ ಭಾರೀ ಒತ್ತಡದಲ್ಲಿ ಹಾಯಿಸಿ ತೊಳೆದರೂ ತಡೆಯುತ್ತದೆ.

ಹಿಂದಿನ ಕ್ಯಾಮೆರಾದ ಚಿತ್ರವನ್ನು ಬೇಕೆಂದೇ ಎಡಬಲ ತಿರುಗಿಸಿ ತೋರಿಸುತ್ತಾರೆ, ಕನ್ನಡಿಯಲ್ಲಿ ಕಂಡಂತೆ. ಇಲ್ಲವಾದರೆ ಬಲಕ್ಕೆ ನಿಂತವನು ಪರದೆಯಲ್ಲಿ ಎಡಕ್ಕೆ ಕಂಡು, ಆಪರೇಟರ್ ಅವನ ಕಡೆಗೇ ಸ್ಟೀರಿಂಗ್ ತಿರುಗಿಸಿಬಿಡಬಹುದು. ಕ್ಯಾಮೆರಾ ಬದಲಾಯಿಸಿದಾಗ ಈ ಸೆಟ್ಟಿಂಗ್ ತಪ್ಪಿಹೋಗುವುದುಂಟು. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ದೊಡ್ಡ ತೊಡಕು ಅಗಲ ನೋಟದ್ದು. ಹೆಚ್ಚು ಜಾಗ ಹಿಡಿಯಲೆಂದು 120, 130 ಡಿಗ್ರಿ ಅಗಲದ ಮಸೂರ ಹಾಕುತ್ತಾರೆ. ಅಷ್ಟು ಅಗಲವನ್ನು ಏಳು ಇಂಚಿನ ಪರದೆಗೆ ತುರುಕಿದಾಗ, ಐದು ಮೀಟರ್ ದೂರದಲ್ಲಿ ನಿಂತ ಮನುಷ್ಯನ ಅಗಲ ಪರದೆಯ ಮೇಲೆ ಕೆಲವೇ ಮಿಲಿಮೀಟರ್. ಮಣ್ಣಿನ ಬಣ್ಣದ ಹಿನ್ನೆಲೆಯಲ್ಲಿ, ಬಿಸಿಲು ಹೊಡೆಯುವ ಪರದೆಯ ಮೇಲೆ, ಅವನು ಅಲುಗಾಡದೆ ನಿಂತಿದ್ದರೆ, ಕಣ್ಣು ಸುಲಭವಾಗಿ ಜಾರಿಹೋಗುತ್ತದೆ. ಚಿತ್ರದಲ್ಲಿ ಅವನು ಇದ್ದಾನೆ, ಅಂದರೆ ಕಾಣುವ ಕೆಲಸ ಮುಗಿದಿದೆ. ಗಮನಿಸುವ ಕೆಲಸ ಇನ್ನೂ ಆಗಿಲ್ಲ.

ಮೇಲಿನಿಂದ ನೋಡಿದಂತೆ

ಮುಂದೆ, ಹಿಂದೆ, ಎರಡು ಪಕ್ಕ ಎಂದು ನಾಲ್ಕು ಕ್ಯಾಮೆರಾ ಹಾಕಿ, ಅವುಗಳ ಚಿತ್ರ ಹೊಲಿದು, ಯಂತ್ರವನ್ನು ಆಕಾಶದಿಂದ ಹದ್ದು ನೋಡಿದಂತೆ ತೋರಿಸುವ ವ್ಯವಸ್ಥೆ ಇನ್ನೊಂದು. ಮೊದಲ ಬಾರಿ ನೋಡಿದವರಿಗೆ ಮೇಲೆ ಡ್ರೋನ್ ಹಾರುತ್ತಿದೆಯೋ ಎನಿಸುತ್ತದೆ. ಮೇಲೆ ಏನೂ ಇಲ್ಲ, ಎಲ್ಲವೂ ಲೆಕ್ಕಾಚಾರ. ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಯಾವ ಕೋನದಲ್ಲಿ ಇದೆ ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ನೆಲದ ಮೇಲೆ ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕದ ಹಾಸು ಹಾಕಿ ಹೊಂದಿಸುತ್ತಾರೆ. ಆಮೇಲೆ ಕಂಪ್ಯೂಟರ್ ಪ್ರತಿ ಚಿತ್ರವನ್ನೂ ಎಳೆದು ನೆಲದ ಮೇಲೆ ಹಾಸಿ ನಾಲ್ಕನ್ನೂ ಜೋಡಿಸುತ್ತದೆ.

ಇಲ್ಲಿ ಕಂಪ್ಯೂಟರ್ ಒಂದು ಊಹೆ ಮಾಡಿಕೊಂಡಿದೆ: ಕಾಣುವುದೆಲ್ಲ ನೆಲದ ಮೇಲೆ ಚಪ್ಪಟೆಯಾಗಿದೆ. ನೆಲದ ಮೇಲಿನ ಗೆರೆ, ಗುಂಡಿಯ ಅಂಚು ಸರಿಯಾಗಿಯೇ ಕಾಣುತ್ತವೆ. ಆದರೆ ಎದ್ದು ನಿಂತ ಮನುಷ್ಯ ಸಂಜೆಯ ನೆರಳಿನಂತೆ ಉದ್ದಕ್ಕೆ ಮಲಗಿಬಿಡುತ್ತಾನೆ. ಅವನ ಪಾದ ಇರುವ ಜಾಗ ಮಾತ್ರ ನಿಜ, ಮಿಕ್ಕ ದೇಹ ಎಳೆದಾಡಿದ ಚಿತ್ರ. ಎರಡು ಕ್ಯಾಮೆರಾಗಳ ಚಿತ್ರ ಸೇರುವ ಹೊಲಿಗೆಯ ಬಳಿ ಮನುಷ್ಯ ಎರಡಾಗಿ ಕಾಣಬಹುದು, ಸೊಂಟದಿಂದ ಮೇಲೆ ಅಳಿಸಿಹೋಗಬಹುದು, ಅಪರೂಪಕ್ಕೆ ಪೂರ್ತಿ ಕಾಣದೆಯೂ ಹೋಗಬಹುದು. ಒಳ್ಳೆಯ ವ್ಯವಸ್ಥೆಗಳಲ್ಲಿ ಪಕ್ಕಪಕ್ಕದ ಚಿತ್ರಗಳನ್ನು ಸಾಕಷ್ಟು ಅಗಲಕ್ಕೆ ಒಂದರ ಮೇಲೊಂದು ಬರುವಂತೆ ಇಟ್ಟು ಇದನ್ನು ತಡೆಯುತ್ತಾರೆ. ನಡುವೆ ಬಾಗುವ ಲೋಡರ್‌ಗಳಲ್ಲಿ ತೊಡಕು ಹೆಚ್ಚು. ಯಂತ್ರ ಬಾಗಿದ ಕೂಡಲೇ ಮುಂದಿನ ಕ್ಯಾಮೆರಾಕ್ಕೂ ಹಿಂದಿನದಕ್ಕೂ ಇದ್ದ ಕೋನ ಬದಲಾಗುತ್ತದೆ, ಹೊಲಿಗೆಯೂ ಜರುಗುತ್ತದೆ.

ಮನುಷ್ಯನನ್ನು ಗುರುತಿಸುವ ಕ್ಯಾಮೆರಾ

ಗಮನಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವ ಪ್ರಯತ್ನ ಇದು. ಮಾರಾಟಗಾರರು 'ಎಐ ಕ್ಯಾಮೆರಾ' ಎನ್ನುವುದು ಇದನ್ನೇ. ಮನುಷ್ಯರಿರುವ ಸಾವಿರಾರು ಚಿತ್ರಗಳನ್ನು, ಪ್ರತಿಯೊಂದರಲ್ಲೂ ಮನುಷ್ಯ ಎಲ್ಲಿದ್ದಾನೆಂದು ಗುರುತು ಹಾಕಿ, ಒಂದು ಪ್ರೋಗ್ರಾಮ್‌ಗೆ ತೋರಿಸುತ್ತಾರೆ. ತಲೆ, ಭುಜ, ಕಾಲುಗಳ ಜೋಡಣೆ ಹೇಗಿರುತ್ತದೆ ಎಂಬ ಅಂದಾಜು ಅದರಲ್ಲಿ ಬೆಳೆಯುತ್ತದೆ. ಆಮೇಲೆ ಹೊಸ ಚಿತ್ರ ಕೊಟ್ಟರೆ 'ಇಲ್ಲಿ ಮನುಷ್ಯ ಇರುವ ಸಾಧ್ಯತೆ ಇಷ್ಟು' ಎಂದು ಅಂಕ ಕೊಡುತ್ತದೆ. ಅಂಕ ಒಂದು ಮಿತಿ ದಾಟಿದರೆ ಪರದೆಯಲ್ಲಿ ಅವನ ಸುತ್ತ ಚೌಕ ಮೂಡಿ ಅಲಾರಂ ಕೂಗುತ್ತದೆ.

ಆ ಮಿತಿಯನ್ನು ಜರಡಿಯ ಕಣ್ಣು ಎಂದುಕೊಳ್ಳಿ. ಕಣ್ಣು ಸಣ್ಣದಾದರೆ ಕಲ್ಲಿನ ಜೊತೆ ಒಳ್ಳೆಯ ಮರಳೂ ಮೇಲೆ ಉಳಿಯುತ್ತದೆ. ಕಂಬ, ಡ್ರಮ್, ಬಿದಿರಿನ ಗಳ ಎಲ್ಲವೂ ಮನುಷ್ಯನೆಂದು ಕೂಗುತ್ತದೆ. ಕಣ್ಣು ದೊಡ್ಡದಾದರೆ ಕೂಗು ಕಡಿಮೆ, ಆದರೆ ಒಂದೊಂದು ಕಲ್ಲೂ ಜಾರಿಹೋಗುತ್ತದೆ, ಅಂದರೆ ನಿಜವಾದ ಮನುಷ್ಯ ತಪ್ಪಿಹೋಗುತ್ತಾನೆ. ಎರಡೂ ಸೊನ್ನೆಯಾಗುವ ಜರಡಿ ಇಲ್ಲ. ಕೊಳ್ಳುವವರು ಮೊದಲು ಕೇಳಬೇಕಾದ್ದು ಇದನ್ನು: ಯಾವ ತಪ್ಪು ಎಷ್ಟು, ಯಾವ ಬೆಳಕಿನಲ್ಲಿ, ಯಾವ ಭಂಗಿಯಲ್ಲಿ ಪರೀಕ್ಷಿಸಿದ್ದೀರಿ?

ಭಂಗಿಯ ಮಾತು ಮುಖ್ಯ. ಪ್ರದರ್ಶನಕ್ಕೆ ತೋರಿಸುವಾಗ ಹೆಲ್ಮೆಟ್ ಹಾಕಿ, ಹೊಳೆಯುವ ಜಾಕೆಟ್ ತೊಟ್ಟು, ಒಬ್ಬ ನೆಟ್ಟಗೆ ನಡೆದು ಬರುತ್ತಾನೆ. ಕೆಲಸದ ಜಾಗದಲ್ಲಿ ಮನುಷ್ಯ ಹಾಗಿರುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಕಂಬಿ ಕಟ್ಟುತ್ತಿರುತ್ತಾನೆ, ಗುಂಡಿಯಿಂದ ಅರ್ಧ ಮೈ ಮೇಲೆ ಬಂದಿರುತ್ತದೆ, ಹೆಗಲ ಮೇಲೆ ಹಲಗೆ ಹೊತ್ತು ಮುಖವೇ ಮುಚ್ಚಿರುತ್ತದೆ. ಕಲಿಸಿದ ಚಿತ್ರಗಳಲ್ಲಿ ಇಂಥವು ಸಾಕಷ್ಟು ಇಲ್ಲದಿದ್ದರೆ ವ್ಯವಸ್ಥೆ ಎಡವುವುದು ಇಲ್ಲೇ. ಆಪರೇಟರ್‌ನ ಕಣ್ಣಿಗೆ ಸಿಗದ ಭಂಗಿಗಳೂ ಬಹುಮಟ್ಟಿಗೆ ಇವೇ ಆಗಿರುವುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

ದೂರ ಹೇಗೆ ತಿಳಿಯುತ್ತದೆ? ಒಂದೇ ಕ್ಯಾಮೆರಾ ಇದ್ದರೆ, ಮನುಷ್ಯನ ಪಾದ ಚಿತ್ರದಲ್ಲಿ ಎಷ್ಟು ಕೆಳಗಿದೆ ಎಂದು ನೋಡಿ ಅಂದಾಜು ಮಾಡುತ್ತದೆ. ಕೆಳಗಿದ್ದಷ್ಟೂ ಹತ್ತಿರ. ಪಾದ ಮಣ್ಣಿನ ಗುಡ್ಡೆಯ ಹಿಂದೆ ಮರೆಯಾಗಿದ್ದರೆ, ಅಥವಾ ಅವನು ನಿಂತ ಜಾಗ ಯಂತ್ರಕ್ಕಿಂತ ಎತ್ತರದಲ್ಲಿದ್ದರೆ, ಲೆಕ್ಕ ತಪ್ಪುತ್ತದೆ. ಪಕ್ಕಪಕ್ಕ ಎರಡು ಮಸೂರ ಇರುವ ಕ್ಯಾಮೆರಾ ನಮ್ಮ ಎರಡು ಕಣ್ಣಿನ ಹಾಗೆ. ಎರಡು ನೋಟಗಳ ನಡುವಿನ ಸಣ್ಣ ವ್ಯತ್ಯಾಸದಿಂದ ದೂರ ಲೆಕ್ಕ ಹಾಕುತ್ತದೆ, ನೆಲ ಏರುತಗ್ಗಾಗಿದ್ದರೂ ಹೆಚ್ಚು ಎಡವುವುದಿಲ್ಲ.

ಕತ್ತಲು, ಧೂಳು, ಕೆಸರು

ಕ್ಯಾಮೆರಾದ ಮೊದಲ ಶತ್ರು ಅದರ ಗಾಜಿನ ಮೇಲೆ ಕೂತ ಕೆಸರು. ರಿವರ್ಸ್ ಕ್ಯಾಮೆರಾ ಇರುವುದು ಚಕ್ರ ಕೆಸರು ಎರಚುವ ಜಾಗದಲ್ಲೇ. ಕೆಲವು ಮಾದರಿಗಳಲ್ಲಿ ನೀರು ಚಿಮ್ಮಿಸುವ ಅಥವಾ ಮುಚ್ಚಳ ಹಾಕಿಕೊಳ್ಳುವ ಏರ್ಪಾಡಿದೆ. ಮಿಕ್ಕವಕ್ಕೆ ಒಂದು ಬಟ್ಟೆ, ಒಬ್ಬರ ಕೈ.

ರಾತ್ರಿಗೆ ಕ್ಯಾಮೆರಾ ಸುತ್ತ ಇನ್‌ಫ್ರಾರೆಡ್ ದೀಪಗಳಿರುತ್ತವೆ. ನಮ್ಮ ಕಣ್ಣಿಗೆ ಕಾಣದ ಈ ಬೆಳಕು ಚಿಪ್‌ಗೆ ಕಾಣುತ್ತದೆ. ಆದರೆ ಚಿತ್ರ ಕಪ್ಪು ಬಿಳಿ, ಜಾಕೆಟ್ಟಿನ ಕಿತ್ತಳೆ ಬಣ್ಣಕ್ಕೆ ಬೆಲೆಯಿಲ್ಲ. ಧೂಳು ಎದ್ದರೆ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ ಎಲ್ಲ ಬೆಳ್ಳಗಾಗುತ್ತದೆ.

ಥರ್ಮಲ್ ಕ್ಯಾಮೆರಾ ಇನ್ನೊಂದು ಜಾತಿ. ಅದು ನೋಡುವುದು ಪ್ರತಿಫಲಿಸಿದ ಬೆಳಕನ್ನಲ್ಲ, ವಸ್ತುಗಳೇ ಹೊರಸೂಸುವ ಶಾಖವನ್ನು. ಕತ್ತಲಲ್ಲೂ ತೆಳುಧೂಳಿನಲ್ಲೂ ಮನುಷ್ಯನ ಮೈ ಎದ್ದು ಕಾಣುತ್ತದೆ. ಸಾಮಾನ್ಯ ಗಾಜು ಈ ಶಾಖಕಿರಣವನ್ನು ಒಳಗೆ ಬಿಡದ ಕಾರಣ ಮಸೂರವನ್ನು ಜರ್ಮೇನಿಯಂ ಎಂಬ ಧಾತುವಿನಿಂದ ಮಾಡುತ್ತಾರೆ, ಹಾಗಾಗಿ ದುಬಾರಿ. ಸುಡುಬಿಸಿಲಿನಲ್ಲಿ ನೆಲದ ಬಿಸಿ ಮೈಬಿಸಿಗೆ ಹತ್ತಿರವಾದರೆ ಇದಕ್ಕೂ ಮನುಷ್ಯ ಹಿನ್ನೆಲೆಯಲ್ಲಿ ಕರಗಿಹೋಗುತ್ತಾನೆ.

ರೇಡಾರ್ ಮತ್ತು ಟ್ಯಾಗ್

ಕ್ಯಾಮೆರಾ 'ಏನು' ಎಂದು ಚೆನ್ನಾಗಿ ಹೇಳುತ್ತದೆ. ರೇಡಾರ್ 'ಎಷ್ಟು ದೂರ, ಎಷ್ಟು ವೇಗ' ಎಂದು ಚೆನ್ನಾಗಿ ಹೇಳುತ್ತದೆ, ಧೂಳು ಮಳೆಗೆ ಜಗ್ಗುವುದಿಲ್ಲ. ಆದರೆ ಅದಕ್ಕೆ ಮನುಷ್ಯನೂ ಮಣ್ಣಿನ ರಾಶಿಯೂ ಸುಲಭವಾಗಿ ಬೇರೆಯಾಗದು. ಅದಕ್ಕೇ ಎರಡನ್ನೂ ಒಟ್ಟಿಗೆ ಬಳಸುವುದು ಹೆಚ್ಚುತ್ತಿದೆ. ಟ್ಯಾಗ್ ಪದ್ಧತಿಯಲ್ಲಿ ಕೆಲಸಗಾರನ ಹೆಲ್ಮೆಟ್ ಅಥವಾ ಜಾಕೆಟ್ಟಿನಲ್ಲಿ ಸಣ್ಣ ರೇಡಿಯೋ ಸಾಧನ ಇರುತ್ತದೆ. ಗೋಡೆಯ ಮರೆಯಲ್ಲಿದ್ದರೂ ಯಂತ್ರಕ್ಕೆ ಗೊತ್ತಾಗುತ್ತದೆ. ಟ್ಯಾಗ್ ಇಲ್ಲದೆ ಒಳಗೆ ಬಂದ ದಾರಿಹೋಕ ಅದಕ್ಕೆ ಇಲ್ಲವೇ ಇಲ್ಲ.

ಕಂಡದ್ದಕ್ಕೂ ನಿಂತದ್ದಕ್ಕೂ ನಡುವೆ

ಗಂಟೆಗೆ 10 ಕಿಲೋಮೀಟರ್ ಎಂದರೆ ನಾವು ಓಡುವ ವೇಗ, ಯಂತ್ರಕ್ಕೆ ನಿಧಾನವೆಂದೇ ಲೆಕ್ಕ. ಆ ವೇಗದಲ್ಲಿ ಲೋಡರ್ ಸೆಕೆಂಡಿಗೆ 2.8 ಮೀಟರ್ ಸಾಗುತ್ತದೆ. ಆಪರೇಟರ್ ಪರದೆ ನೋಡಿ, ಇದು ಮನುಷ್ಯ ಎಂದು ಅರಿತು, ಕಾಲು ಬ್ರೇಕಿಗೆ ತರುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತೆಂದುಕೊಳ್ಳಿ. ಬ್ರೇಕ್ ತಾಗುವ ಮೊದಲೇ ಯಂತ್ರ ನಾಲ್ಕು ಮೀಟರಿಗಿಂತ ಹೆಚ್ಚು ಹಿಂದೆ ಬಂದಿರುತ್ತದೆ. ಕ್ಯಾಮೆರಾದಿಂದ ಪರದೆಗೆ ಚಿತ್ರ ತಲುಪಲು 0.2 ಸೆಕೆಂಡ್ ತಡವಾದರೂ ಅರ್ಧ ಮೀಟರ್ ಹೋಯಿತು.

ಎಕ್ಸ್‌ಕವೇಟರ್‌ನ ಲೆಕ್ಕ ಇನ್ನೂ ಬಿಗಿ. ನಿಮಿಷಕ್ಕೆ ಹತ್ತು ಸುತ್ತು ತಿರುಗುವ ಯಂತ್ರ ಕಾಲು ಸುತ್ತು ಮುಗಿಸಲು ತೆಗೆದುಕೊಳ್ಳುವುದು ಒಂದೂವರೆ ಸೆಕೆಂಡ್. ಮಧ್ಯದಿಂದ ಮೂರು ಮೀಟರ್ ಆಚೆಗಿರುವ ಕೌಂಟರ್‌ವೇಟ್ ಅಂಚು ಸೆಕೆಂಡಿಗೆ ಮೂರು ಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಸುತ್ತದೆ. ಆಪರೇಟರ್‌ಗೆ ಗೊತ್ತಾಗುವಷ್ಟರಲ್ಲಿ ಕಾಲು ಸುತ್ತು ಮುಗಿದಿರುತ್ತದೆ. ಅವನ ಕಣ್ಣಾದರೂ ಆ ಹೊತ್ತಿಗೆ ಇರಬೇಕಾದದ್ದು ಬಕೆಟ್ ಮೇಲೆ, ಪರದೆಯ ಮೇಲಲ್ಲ.

ಹಾಗಾದರೆ ಯಂತ್ರವೇ ನಿಂತುಬಿಡಲಿ ಎನ್ನಬಹುದು. ಮನುಷ್ಯ ಹತ್ತಿರ ಬಂದರೆ ತಿರುಗುವುದನ್ನೂ ಚಲಿಸುವುದನ್ನೂ ತಡೆಯುವ ಯಂತ್ರಗಳು ಬಂದಿವೆ, ನಿಂತಲ್ಲಿಂದ ಶುರುವಾಗುವ ಚಲನೆಗೆ ಅವು ಚೆನ್ನಾಗಿ ಒಪ್ಪುತ್ತವೆ. ವೇಗದಲ್ಲಿರುವಾಗ ಮಾತ್ರ ಥಟ್ಟನೆ ನಿಲ್ಲಿಸುವುದು ಅಷ್ಟು ಸುಲಭವಲ್ಲ. ಇಳಿಜಾರಿನಲ್ಲಿ ತುಂಬಿದ ಬಕೆಟ್ ಎತ್ತಿ ಬರುತ್ತಿರುವ ಲೋಡರ್ ಗಕ್ಕನೆ ನಿಂತರೆ ಮುಗ್ಗರಿಸಬಹುದು. ಸರಪಳಿಯಲ್ಲಿ ತೂಗುತ್ತಿರುವ ಪೈಪು ಜೋಲಿ ಹೊಡೆದು ಇನ್ನೊಬ್ಬರಿಗೆ ಬಡಿಯಬಹುದು. ಡಿಕ್ಕಿ ಎಚ್ಚರಿಕೆ ಮತ್ತು ತಡೆ ಹೇಗಿರಬೇಕು ಎಂದು ಹೇಳಲು ಐಎಸ್‌ಒ 21815 ಎಂಬ ಬೇರೆ ಮಾನದಂಡ ಸರಣಿಯೇ ಬೇಕಾಯಿತು.

ಅಲಾರಂ ಕೂಡ ಸವೆಯುತ್ತದೆ. 'ತೋಳ ಬಂತು ತೋಳ' ಕಥೆಯ ಹಳ್ಳಿಗರಿಗೆ ಆದದ್ದೇ ಆಪರೇಟರ್‌ಗೂ ಆಗುವುದು. ಪೈಪ್ ಇಳಿಸುವ ಕೆಲಸದಲ್ಲಿ ಹೆಲ್ಪರ್ ಇಡೀ ದಿನ ಯಂತ್ರದ ಮೂರು ಮೀಟರ್ ಒಳಗೇ ಇರುತ್ತಾನೆ, ಅಲಾರಂ ಇಡೀ ದಿನ ಕೂಗುತ್ತದೆ. ಮೂರನೇ ದಿನಕ್ಕೆ ಅದು ಕಿವಿಗೆ ಬೀಳುವುದಿಲ್ಲ, ನಾಲ್ಕನೇ ದಿನ ಯಾರೋ ಸ್ಪೀಕರ್ ಮೇಲೆ ಟೇಪ್ ಅಂಟಿಸುತ್ತಾರೆ. ಆಪರೇಟರ್‌ನನ್ನು ಬೈದು ಪ್ರಯೋಜನವಿಲ್ಲ. ಕೆಲಸದ ಬಗೆಗೆ ತಕ್ಕಂತೆ ಎಚ್ಚರಿಕೆಯ ವಲಯವನ್ನು ಹೊಂದಿಸದೆ ಹೋದದ್ದು ಅಲ್ಲಿನ ತಪ್ಪು. ಯಂತ್ರ ಚಲಿಸುವ ದಿಕ್ಕಿನಲ್ಲಿ ಮಾತ್ರ ಕೂಗುವುದು, ದೂರಕ್ಕೆ ಹಳದಿ ಗುರುತು, ಹತ್ತಿರಕ್ಕೆ ಮಾತ್ರ ಸದ್ದು ಎಂದು ಬೇರೆ ಮಾಡುವುದು ಇದಕ್ಕಿರುವ ದಾರಿ.

ಆರು ಮೆಟ್ಟಿಲಾದ ಮೇಲೆ ಏಳನೆಯದು

ಗಣಿ ಕಂಪನಿಗಳು ಸೇರಿ 2006ರಲ್ಲಿ ಕಟ್ಟಿಕೊಂಡ ಇಎಂಇಎಸ್‌ಆರ್‌ಟಿ ಎಂಬ ಗುಂಪು ವಾಹನ ಅಪಘಾತ ತಡೆಯನ್ನು ಒಂಬತ್ತು ಮಟ್ಟಗಳಾಗಿ ವಿಂಗಡಿಸಿದೆ. ಮೊದಲನೆಯದು ಜಾಗದ ವಿನ್ಯಾಸ. ಎರಡನೆಯದು ಮನುಷ್ಯರ ದಾರಿಯನ್ನೂ ಯಂತ್ರದ ದಾರಿಯನ್ನೂ ಬೇರೆ ಮಾಡುವುದು. ಆಮೇಲೆ ಕೆಲಸದ ಕ್ರಮ, ಯಾರು ಓಡಿಸಬಹುದೆಂಬ ಅಧಿಕಾರ, ಓಡಿಸುವವನ ಆರೋಗ್ಯ ಮತ್ತು ಆಯಾಸ, ನಿಯಮ ಪಾಲನೆ. ಇಷ್ಟು ಆರು ಆದ ಮೇಲೆ ಏಳನೆಯ ಮಟ್ಟ ಆಪರೇಟರ್‌ಗೆ ಸುತ್ತಲಿನ ಅರಿವು ಕೊಡುವುದು. ಎಂಟನೆಯದು ಎಚ್ಚರಿಸಿ ಹೇಳುವುದು, ಒಂಬತ್ತನೆಯದು ಯಂತ್ರವೇ ಮಧ್ಯೆ ಬಂದು ತಡೆಯುವುದು. ನಾವು ಮೇಲೆ ಹೇಳಿದ ಕಾಣುವುದು, ಗಮನಿಸುವುದು, ನಿಲ್ಲುವುದು ಹೆಚ್ಚುಕಡಿಮೆ ಈ ಕೊನೆಯ ಮೂರು.

ಅಂದರೆ ಕ್ಯಾಮೆರಾ ಬರುವುದು ಏಳನೆಯ ಮೆಟ್ಟಿಲಿನಲ್ಲಿ. ಮೊದಲ ಎರಡನ್ನು ಬಿಟ್ಟು ನೇರ ಅಲ್ಲಿಗೆ ಹಾರಿದರೆ ಆಪರೇಟರ್ ದಿನವಿಡೀ ಪರದೆಯಲ್ಲಿ ಮನುಷ್ಯರನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಟಿಪ್ಪರ್‌ಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತೆ ದಾರಿ ಮಾಡಿದರೆ ರಿವರ್ಸ್ ಹಾಕುವ ಸಂದರ್ಭವೇ ಕಡಿಮೆಯಾಗುತ್ತದೆ. ಆ ದಾರಿ ಮಾಡಲು ಯಾವ ಚಿಪ್ಪೂ ಬೇಡ.

ಕಾನೂನು ಎಲ್ಲಿಗೆ ಬಂದಿದೆ

ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ರಿವರ್ಸ್ ಕ್ಯಾಮೆರಾ ಕಡ್ಡಾಯ. ಗೇರ್ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು. ಆದರೆ ಆ ನಿಯಮ ಸುಮಾರು ನಾಲ್ಕೂವರೆ ಟನ್‌ವರೆಗಿನ ವಾಹನಗಳಿಗೆ, ಭಾರೀ ಯಂತ್ರಗಳಿಗಲ್ಲ.

ಲಂಡನ್ ನಗರ ಬೇರೆ ದಾರಿ ಹಿಡಿಯಿತು. 12 ಟನ್ನಿಗಿಂತ ಭಾರದ ಲಾರಿಗಳಿಗೆ, ಚಾಲಕನಿಗೆ ನೇರ ಕಣ್ಣಿನಿಂದ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುತ್ತದೆ. ನಗರದಲ್ಲಿ ಓಡಾಡಲು ಇದರ ಮೇಲೆ ಕೊಡುವ ಪರವಾನಗಿ ಇಲ್ಲದವರಿಗೆ 2021ರ ಮಾರ್ಚ್‌ನಿಂದ ದಂಡ ಶುರುವಾಯಿತು. 2024ರ ಅಕ್ಟೋಬರ್‌ನಿಂದ ಮೂರು ನಕ್ಷತ್ರ ಬೇಕು, ಇಲ್ಲವಾದರೆ ಕ್ಯಾಮೆರಾ ಮತ್ತು ಸಂವೇದಕಗಳಿರುವ ಸುರಕ್ಷತಾ ವ್ಯವಸ್ಥೆ ಅಳವಡಿಸಬೇಕು. ಆ ಸಂವೇದಕಗಳು ರಸ್ತೆಬದಿಯ ಕಂಬಕ್ಕೂ ನಿಂತ ವಾಹನಕ್ಕೂ ಕೂಗಬಾರದು ಎಂದೂ ಷರತ್ತಿದೆ. ಸುಳ್ಳು ಕೂಗಿನ ತೊಂದರೆ ಅರಿತು ಬರೆದ ಷರತ್ತು ಅದು. ಕಣ್ಣಿಗೆ ನೇರ ಕಾಣುವಂತೆ ಕ್ಯಾಬಿನ್ ತಗ್ಗಿಸಿ ಗಾಜು ಹೆಚ್ಚಿಸಿದ ಲಾರಿಗೆ ಹೆಚ್ಚು ನಕ್ಷತ್ರ ಕೊಡುವ ಈ ಪದ್ಧತಿ ನನಗೆ ಸರಿ ಎನಿಸುತ್ತದೆ, ಮರೆ ಹುಟ್ಟುವ ಮೂಲಕ್ಕೇ ಅದು ಕೈ ಹಾಕುತ್ತದೆ.

ಯುರೋಪ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಲಾರಿಗಳೂ ಪಕ್ಕದ ಸೈಕಲ್ ಸವಾರರ ಬಗ್ಗೆ, ಹೊರಡುವಾಗ ಮೂತಿಯ ಮುಂದೆ ಇರುವವರ ಬಗ್ಗೆ ಚಾಲಕನನ್ನು ಎಚ್ಚರಿಸಬೇಕು.

ಯಂತ್ರದ ಪಕ್ಕ ಇರುವವರಿಗೆ

ಆಪರೇಟರ್‌ನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ನೇರ ಕಾಣುತ್ತಿಲ್ಲ. ಮುಖ ಕಂಡರೂ ಸಾಲದು, ಅವನು ನಿಮ್ಮನ್ನು ನೋಡಿ ಕೈ ಎತ್ತಬೇಕು, ಬಕೆಟ್ ನೆಲಕ್ಕಿಡಬೇಕು. ಆಮೇಲೆ ಹತ್ತಿರ ಹೋಗಬಹುದು. ರಿವರ್ಸ್‌ಗೆ ಕೈ ತೋರುವವರು ಆಪರೇಟರ್‌ಗೆ ಕಾಣುವಲ್ಲೇ ನಿಲ್ಲಬೇಕು. ಅವರು ಕಣ್ಮರೆಯಾದ ಕ್ಷಣ ಯಂತ್ರ ನಿಲ್ಲಬೇಕು, ಪರದೆಯಲ್ಲಿ ದಾರಿ ಖಾಲಿ ಕಂಡರೂ ಸರಿಯೇ.

ಕ್ಯಾಮೆರಾ ಇರುವ ಯಂತ್ರ ಕೆಲಸಕ್ಕೆ ಬಂದ ದಿನ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಪರದೆಗೆ ಮಾತ್ರ ಕರೆಂಟ್ ಕೊಟ್ಟು ಆಪರೇಟರ್ ಸೀಟಿನಲ್ಲಿ ಕೂರಲಿ. ಇನ್ನೊಬ್ಬರು ಒಂದು ಡಬ್ಬಿ ಸುಣ್ಣದ ಪುಡಿ ಹಿಡಿದು ಯಂತ್ರದ ಸುತ್ತ ಒಂದು ಸುತ್ತು ನಿಂತು ನಡೆಯಲಿ, ಇನ್ನೊಂದು ಸುತ್ತು ಕೂತು ಸರಿಯಲಿ. ಕಣ್ಣು, ಕನ್ನಡಿ, ಪರದೆ ಮೂರರಲ್ಲೂ ಕಾಣದಂತಾದ ಕಡೆ ಆಪರೇಟರ್ ಕೂಗಲಿ, ಅಲ್ಲಿ ಒಂದು ಹಿಡಿ ಸುಣ್ಣ ಬೀಳಲಿ. ಆಮೇಲೆ ಆಪರೇಟರ್ ಇಳಿದು ಬಂದು ಆ ಬಿಳಿ ಗುರುತುಗಳನ್ನು ಕೆಳಗೆ ನಿಂತು ನೋಡಲಿ, ಅಲ್ಲಿ ಕೆಲಸ ಮಾಡುವ ಎಲ್ಲರನ್ನೂ ಕರೆದು ತೋರಿಸಲಿ.